ಪ್ರೊಪೆಲ್ಲರ್ ಶಾಫ್ಟ್‌ಗೆ ಉಕ್ಕೋ, ಅಲ್ಯೂಮಿನಿಯಮ್ಮೋ, ಕಾರ್ಬನ್ನೋ: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ಎಂಜಿನ್ನಿನ ತಾಕತ್ತು ಹೆಚ್ಚಿಸಿದ ಮೇಲೆ ಕ್ಲಚ್ ಬದಲಾಗುತ್ತದೆ, ಟೈರ್ ಬದಲಾಗುತ್ತದೆ, ಬ್ರೇಕೂ ಬದಲಾಗುತ್ತದೆ. ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್‌ಗೆ ಹೋಗುವ, ಚಕ್ರಗಳ ಕಡೆಗೆ ತಾಕತ್ತು ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಮಾತ್ರ ಕಾರಿನಡಿ ಕಾಣದ ಜಾಗದಲ್ಲಿ ಇರುವುದರಿಂದ ಕೊನೆಯವರೆಗೂ ನೆನಪಾಗುವುದಿಲ್ಲ. ನೆನಪಾದಾಗ ಮೊದಲು ಬರುವ ಪ್ರಶ್ನೆ ‘ಯಾವ ಲೋಹ ಒಳ್ಳೆಯದು?’ ಎಂಬುದು. ಆದರೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಶಾಫ್ಟ್ ಎಷ್ಟು ಉದ್ದ, ಎಷ್ಟು ವೇಗದಲ್ಲಿ ತಿರುಗುತ್ತದೆ, ಎಷ್ಟು ಟಾರ್ಕ್ (ತಿರುಚುವ ಬಲ) ಹೊರುತ್ತದೆ ಎಂಬ ಮೂರು ಅಂಕಿ ಕೈಯಲ್ಲಿದ್ದರೆ ಮೆಟೀರಿಯಲ್ ಬಹುಪಾಲು ತಾನಾಗಿಯೇ ತೀರ್ಮಾನವಾಗುತ್ತದೆ. ಆ ಅಂಕಿಗಳಿಲ್ಲದೆ ಕೊಂಡ ದುಬಾರಿ ಕಾರ್ಬನ್ ಶಾಫ್ಟ್ ಒಮ್ಮೊಮ್ಮೆ ದುಡ್ಡು ದಂಡವಾಗುತ್ತದೆ. ಲೆಕ್ಕವಿಲ್ಲದೆ ಕೊಂಡ ಅಗ್ಗದ ಶಾಫ್ಟ್ ಕಾರಿನ ನೆಲವನ್ನೇ ಸೀಳಿಕೊಂಡು ಒಳಗೆ ಬರಬಹುದು.

ಉದಾಹರಣೆಗೆ 2011ರಿಂದ 2014ರ ನಡುವಿನ ಫೋರ್ಡ್ ಮಸ್ಟಾಂಗ್ ಜಿಟಿಯನ್ನು ತೆಗೆದುಕೊಳ್ಳೋಣ. 5.0 ಲೀಟರ್ ವಿ8, ಸುಮಾರು 529 ನ್ಯೂಟನ್ ಮೀಟರ್ ಟಾರ್ಕ್, ಆರು ಗೇರಿನ ಮ್ಯಾನ್ಯುಯಲ್ ಗೇರ್‌ಬಾಕ್ಸ್, ಹಿಂದೆ ಇಡಿಯಾದ ಆಕ್ಸಲ್. ಕಂಪನಿಯಿಂದ ಬರುವುದು ನಡುವೆ ಸೆಂಟರ್ ಬೇರಿಂಗ್ ಇರುವ ಎರಡು ತುಂಡಿನ ಉಕ್ಕಿನ ಶಾಫ್ಟ್. ಅಮೆರಿಕದಲ್ಲಿ ಈ ಕಾರು ಇಟ್ಟುಕೊಂಡವರು ಮೊದಮೊದಲು ಮಾಡುವ ಬದಲಾವಣೆಗಳಲ್ಲಿ ಅದನ್ನು ತೆಗೆದು ಒಂದೇ ತುಂಡಿನ ಅಲ್ಯೂಮಿನಿಯಂ ಶಾಫ್ಟ್ ಹಾಕಿಸುವುದೂ ಒಂದು. ಲೆಕ್ಕ ಕಲಿಯಲು ಒಳ್ಳೆಯ ಕಾರು. ಬಿಎಂಡಬ್ಲ್ಯು ಇರಲಿ, ಹಳೆಯ ಜಿಪ್ಸಿ ಇರಲಿ, ಅಂಕಿ ಬದಲಾಗುತ್ತವೆ, ದಾರಿ ಅದೇ.

ಹಂತ 1: ಶಾಫ್ಟ್ ಎಷ್ಟು ವೇಗದಲ್ಲಿ ತಿರುಗುತ್ತದೆ?

ಎಂಜಿನ್ನಿನ ಆರ್‌ಪಿಎಂ ಅನ್ನೇ ಶಾಫ್ಟಿನ ಆರ್‌ಪಿಎಂ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ನೇರ ಗೇರಿನಲ್ಲಿ, ಅಂದರೆ ಅನುಪಾತ 1.00 ಇರುವ ಗೇರಿನಲ್ಲಿ, ಎರಡೂ ಒಂದೇ. ಓವರ್‌ಡ್ರೈವ್ ಗೇರಿನಲ್ಲಿ ಶಾಫ್ಟ್ ಎಂಜಿನ್ನಿಗಿಂತ ಜೋರಾಗಿ ತಿರುಗುತ್ತದೆ. ಹಾಗಾಗಿ ಕಾರಿನ ವೇಗದಿಂದ ಲೆಕ್ಕ ಹಾಕುವುದೇ ಸರಿ.

ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದನ್ನು 1000ದಿಂದ ಗುಣಿಸಿ 60ರಿಂದ ಭಾಗಿಸಿ. ಬಂದದ್ದು ನಿಮಿಷಕ್ಕೆ ಎಷ್ಟು ಮೀಟರ್ ಎಂಬುದು. ಅದನ್ನು ಟೈರಿನ ಸುತ್ತಳತೆಯಿಂದ ಭಾಗಿಸಿ, ಕ್ರೌನ್-ಪಿನಿಯನ್ ಅನುಪಾತದಿಂದ (ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ ಎಷ್ಟು ಸುತ್ತಬೇಕು ಎಂಬ ಅಂಕಿ) ಗುಣಿಸಿ. ಸುತ್ತಳತೆಯನ್ನು ಟೈರಿನ ಮೇಲೆ ಬರೆದ ಅಳತೆಯಿಂದ ಊಹಿಸಬೇಡಿ. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಕಾರನ್ನು ಒಂದು ಪೂರ್ತಿ ಸುತ್ತು ತಳ್ಳಿ, ನೆಲದ ಮೇಲೆ ಟೇಪ್ ಹಿಡಿದು ಅಳೆಯಿರಿ. 255/40 ಆರ್19 ಟೈರಿಗೆ ಸುಮಾರು 2.1 ಮೀಟರ್ ಬರುತ್ತದೆ.

ನಮ್ಮ ಉದಾಹರಣೆಯ ಕಾರಿಗೆ 3.73ರ ಆಕ್ಸಲ್ ಇದೆ, ಅಂದರೆ ಆ ಅನುಪಾತ 3.73 ಎನ್ನೋಣ. 180 ಕಿ.ಮೀ. ವೇಗದಲ್ಲಿ ಶಾಫ್ಟ್ ಸುಮಾರು 5,300 ಆರ್‌ಪಿಎಂ. 250 ಕಿ.ಮೀ. ವೇಗದಲ್ಲಿ ಸುಮಾರು 7,400. ಕಾಲು ಮೈಲಿ ಡ್ರ್ಯಾಗ್ ಓಡಿಸುವವರಿಗೆ ಮೊದಲ ಅಂಕಿ ಮುಖ್ಯ, ಉದ್ದನೆಯ ರನ್‌ವೇ ಮೇಲೆ ಟಾಪ್ ಸ್ಪೀಡ್ ನೋಡುವವರಿಗೆ ಎರಡನೆಯದು. ಈ ಎರಡು ಅಂಕಿಗಳ ನಡುವೆಯೇ ಮೆಟೀರಿಯಲ್ ಬದಲಾಗುತ್ತದೆ. ಅದು ಹೇಗೆಂದು ಮುಂದೆ ನೋಡೋಣ.

ಹಂತ 2: ಕ್ರಿಟಿಕಲ್ ಸ್ಪೀಡ್

ಎಷ್ಟೇ ಚೆನ್ನಾಗಿ ಬ್ಯಾಲೆನ್ಸ್ ಮಾಡಿದರೂ ಉದ್ದನೆಯ ಕೊಳವೆ ಒಂದು ವೇಗ ಮುಟ್ಟಿದಾಗ ಮಕ್ಕಳು ಬೀಸುವ ಸ್ಕಿಪ್ಪಿಂಗ್ ಹಗ್ಗದಂತೆ ನಡುವೆ ಬಿಲ್ಲಾಗಿ ಬಾಗುತ್ತದೆ. ಆ ವೇಗವೇ ಕ್ರಿಟಿಕಲ್ ಸ್ಪೀಡ್. ಬಾಗಿದಷ್ಟೂ ಹೊರಕ್ಕೆ ಎಳೆಯುವ ಬಲ ಹೆಚ್ಚುತ್ತದೆ, ಬಲ ಹೆಚ್ಚಿದಷ್ಟೂ ಇನ್ನೂ ಬಾಗುತ್ತದೆ. ಕ್ಷಣಾರ್ಧದಲ್ಲಿ ಕೊಳವೆ ಮಡಚಿ, ತುದಿಯಲ್ಲಿ ಅದನ್ನು ಹಿಡಿದಿರುವ ಕವೆಯಂಥ ಯೋಕ್‌ನಿಂದ ಕಿತ್ತು ಹೋಗುತ್ತದೆ. ಅತಿ ವೇಗದಲ್ಲಿ ಒಡೆದ ಶಾಫ್ಟುಗಳಲ್ಲಿ ಟಾರ್ಕಿಗೆ ಸೋತವಲ್ಲ, ಹೀಗೆ ಬಾಗಿ ಹೋದವೇ ಹೆಚ್ಚು ಭಯಂಕರ.

ತೆಳು ಗೋಡೆಯ ಉಕ್ಕಿನ ಅಥವಾ ಅಲ್ಯೂಮಿನಿಯಂ ಕೊಳವೆಗೆ ಈ ಸುಲಭ ಲೆಕ್ಕ ಸಾಕು:

ಕ್ರಿಟಿಕಲ್ ಆರ್‌ಪಿಎಂ = 1,70,000 × ಕೊಳವೆಯ ಸರಾಸರಿ ವ್ಯಾಸ ÷ ಉದ್ದದ ವರ್ಗ

ವ್ಯಾಸ, ಉದ್ದ ಎರಡೂ ಮೀಟರಿನಲ್ಲಿರಬೇಕು. ಸರಾಸರಿ ವ್ಯಾಸವೆಂದರೆ ಹೊರ ವ್ಯಾಸದಿಂದ ಗೋಡೆಯ ದಪ್ಪ ಕಳೆದದ್ದು. ಉದ್ದವೆಂದರೆ ಒಂದು ಯು-ಜಾಯಿಂಟ್ ಕ್ರಾಸಿನ (ಎರಡು ಯೋಕ್‌ಗಳನ್ನು ಕೂಡಿಸುವ ಶಿಲುಬೆಯಾಕಾರದ ಕೀಲು) ನಡುವಿನಿಂದ ಇನ್ನೊಂದರ ನಡುವಿನವರೆಗೆ. ಬರೀ ಕೊಳವೆಯ ಉದ್ದವಲ್ಲ.

ಒಂದೇ ಲೆಕ್ಕ ಎರಡು ಲೋಹಕ್ಕೂ ಹೇಗೆ ಸಾಕಾಯಿತು? ಉಕ್ಕು ಅಲ್ಯೂಮಿನಿಯಮ್ಮಿಗಿಂತ ಸುಮಾರು ಮೂರು ಪಟ್ಟು ಗಡಸು (ಇಲ್ಲಿ ಗಡಸು ಎಂದರೆ ಸುಲಭಕ್ಕೆ ಬಾಗದ ಗುಣ), ಸುಮಾರು ಮೂರು ಪಟ್ಟು ಭಾರ. ಕ್ರಿಟಿಕಲ್ ಸ್ಪೀಡನ್ನು ನಿರ್ಧರಿಸುವುದು ಗಡಸುತನವನ್ನು ಸಾಂದ್ರತೆಯಿಂದ ಭಾಗಿಸಿದಾಗ ಬರುವ ಅಂಕಿ, ಮತ್ತು ಅದು ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಟೈಟೇನಿಯಮ್ಮಿಗೂ ಅದೇ, ಮೆಗ್ನೀಸಿಯಮ್ಮಿಗೂ ಅದೇ. ಪ್ರಕೃತಿಯ ಈ ಕಾಕತಾಳೀಯ ಗೊತ್ತಿಲ್ಲದೆ ಎಷ್ಟೋ ಮಂದಿ ‘ಅಲ್ಯೂಮಿನಿಯಂ ಹಗುರ, ಆದ್ದರಿಂದ ಹೆಚ್ಚು ವೇಗ ತಾಳುತ್ತದೆ’ ಎಂದು ನಂಬಿದ್ದಾರೆ. ಒಂದೇ ವ್ಯಾಸ, ಒಂದೇ ಉದ್ದ ಇದ್ದರೆ ಅದು ಉಕ್ಕಿಗಿಂತ ಹೆಚ್ಚು ವೇಗ ತಾಳುವುದಿಲ್ಲ. ತೂಕ ಏರಿಸದೆ ವ್ಯಾಸ ದೊಡ್ಡದು ಮಾಡಿಕೊಳ್ಳಲು ಬಿಡುವುದೇ ಅದರ ನಿಜವಾದ ಉಪಕಾರ.

ಇದೇ ಲೆಕ್ಕದಿಂದ ಇನ್ನೆರಡು ನಂಬಿಕೆಗಳೂ ಬಿದ್ದುಹೋಗುತ್ತವೆ. ಕ್ರೋಮೋಲಿ, ಅಂದರೆ 4130 ಉಕ್ಕು, ಸಾಮಾನ್ಯ ಉಕ್ಕಿಗಿಂತ ಬಲವಾದದ್ದು ಹೌದು. ಆದರೆ ಗಡಸುತನ ಅದೇ, ಸಾಂದ್ರತೆ ಅದೇ. ಹಾಗಾಗಿ ಕ್ರಿಟಿಕಲ್ ಸ್ಪೀಡ್ ಒಂದು ಸುತ್ತೂ ಹೆಚ್ಚುವುದಿಲ್ಲ. ಗೋಡೆ ದಪ್ಪ ಮಾಡಿಸಿದರೂ ಹೆಚ್ಚುವುದಿಲ್ಲ. ಹೊರ ವ್ಯಾಸ ಅಷ್ಟೇ ಇಟ್ಟು ಗೋಡೆ ದಪ್ಪ ಮಾಡಿದರೆ ಸರಾಸರಿ ವ್ಯಾಸ ಇಳಿದು ಒಂದಿಷ್ಟು ಕಡಿಮೆಯೇ ಆಗುತ್ತದೆ.

1.4 ಮೀಟರ್ ಉದ್ದದ ಒಂದೇ ತುಂಡಿನ ಶಾಫ್ಟಿಗೆ ಬರುವ ಅಂಕಿಗಳು ಹೀಗಿವೆ. ಹೊರ ವ್ಯಾಸ 76 ಮಿ.ಮೀ., ಗೋಡೆ 2.1 ಮಿ.ಮೀ. ಇರುವ ಉಕ್ಕಿಗೆ ಸುಮಾರು 6,400 ಆರ್‌ಪಿಎಂ. ಅದೇ ಗೋಡೆಯ 89 ಮಿ.ಮೀ. ಉಕ್ಕಿಗೆ 7,500. 89 ಮಿ.ಮೀ. ವ್ಯಾಸ, 3.2 ಮಿ.ಮೀ. ಗೋಡೆಯ ಅಲ್ಯೂಮಿನಿಯಮ್ಮಿಗೆ 7,400. 102 ಮಿ.ಮೀ. ಅಲ್ಯೂಮಿನಿಯಮ್ಮಿಗೆ 8,500. ಕಾರ್ಬನ್ ಫೈಬರಿನಲ್ಲಿ ಎಳೆಗಳನ್ನು ಯಾವ ಕೋನದಲ್ಲಿ ಸುತ್ತಿದ್ದಾರೆ ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ವೇಗಕ್ಕೆಂದೇ ಸುತ್ತಿದ 89 ಮಿ.ಮೀ. ಕೊಳವೆ ಲೋಹದ ಒಂದೂವರೆ ಪಟ್ಟು, ಅಂದರೆ 11,000ದ ಆಸುಪಾಸು ಮುಟ್ಟಬಲ್ಲದು.

ಈ ಅಂಕಿಗಳು ಎರಡೂ ತುದಿ ಅಲುಗದ ಆಧಾರದ ಮೇಲಿದ್ದಾಗ ಬರುವಂಥವು. ಕಾರಿನಲ್ಲಿ ಗೇರ್‌ಬಾಕ್ಸ್ ರಬ್ಬರ್ ಮೌಂಟ್ ಮೇಲೆ ಕೂತಿರುತ್ತದೆ, ಯೋಕ್‌ಗಳಿಗೆ ತಮ್ಮದೇ ತೂಕವಿರುತ್ತದೆ, ಸ್ಪ್ಲೈನಿನಲ್ಲಿ (ಒಂದರೊಳಗೊಂದು ಕೂರುವ ಉದ್ದ ಹಲ್ಲುಗಳಲ್ಲಿ) ಸ್ವಲ್ಪ ಆಟವಿರುತ್ತದೆ. ಆದ್ದರಿಂದ ಬಂದ ಅಂಕಿಯ ಮುಕ್ಕಾಲು ಪಾಲನ್ನಷ್ಟೇ ಓಡಿಸಬಹುದಾದ ಮಿತಿಯಾಗಿ ಇಟ್ಟುಕೊಳ್ಳಿ. ಆಗ 76ರ ಉಕ್ಕಿಗೆ 4,800, 89ರ ಅಲ್ಯೂಮಿನಿಯಮ್ಮಿಗೆ 5,500, 102ರ ಅಲ್ಯೂಮಿನಿಯಮ್ಮಿಗೆ 6,400, ಕಾರ್ಬನ್ನಿಗೆ 8,000ದ ಮೇಲೆ.

ಈಗ ಮೊದಲ ಹಂತದ ಅಂಕಿಗಳನ್ನು ಪಕ್ಕದಲ್ಲಿಡಿ. 180 ಕಿ.ಮೀ.ಗೆ 5,300 ಆರ್‌ಪಿಎಂ. 89ರ ಅಲ್ಯೂಮಿನಿಯಂ ಸಾಕು. 250 ಕಿ.ಮೀ.ಗೆ 7,400. ಒಂದೇ ತುಂಡಿನ ಲೋಹದ ಶಾಫ್ಟ್ ಯಾವುದೂ ಸಾಲದು. 2013ರ ಶೆಲ್ಬಿ ಜಿಟಿ500ಗೆ ಫೋರ್ಡ್ ಒಂದೇ ತುಂಡಿನ ಕಾರ್ಬನ್ ಶಾಫ್ಟ್ ಹಾಕಿದ್ದು ಚೆಂದಕ್ಕಲ್ಲ. ಗಂಟೆಗೆ 200 ಮೈಲಿ ಮುಟ್ಟಬೇಕಾದ ಕಾರಿಗೆ ಅದು ಬೇಕೇ ಬೇಕಿತ್ತು.

ಕಾರ್ಬನ್ನಿಗೆ ದುಡ್ಡಿಲ್ಲದವರಿಗೂ ದಾರಿ ಇದೆ. ಲೆಕ್ಕದಲ್ಲಿ ಉದ್ದದ ವರ್ಗ ಕೆಳಗಿದೆ. ಉದ್ದ ಅರ್ಧವಾದರೆ ಕ್ರಿಟಿಕಲ್ ಸ್ಪೀಡ್ ನಾಲ್ಕು ಪಟ್ಟಾಗುತ್ತದೆ. ಕಾರ್ಖಾನೆಯವರು ಎರಡು ತುಂಡು ಮಾಡಿ ಸೆಂಟರ್ ಬೇರಿಂಗ್ ಕೊಡುವುದು ಇದಕ್ಕೇ. ಟಾಪ್ ಸ್ಪೀಡ್ ಬೇಕಾದವರು ಕಂಪನಿಯ ಎರಡು ತುಂಡಿನ ಶಾಫ್ಟನ್ನೇ ಉಳಿಸಿಕೊಂಡು, ಸೆಂಟರ್ ಬೇರಿಂಗಿನ ರಬ್ಬರನ್ನೂ ಕ್ರಾಸ್‌ಗಳನ್ನೂ ಹೊಸದು ಮಾಡಿಸಿದರೆ ಅದು ನಾಚಿಕೆಪಡುವ ಆಯ್ಕೆಯಲ್ಲ, ಜಾಣತನ.

ಒಂದು ಚಿಕ್ಕ ವಿಷಯ. ಯು-ಜಾಯಿಂಟ್ ಕೋನದಲ್ಲಿದ್ದಾಗ ಪ್ರತಿ ಸುತ್ತಿಗೆ ಎರಡು ಬಾರಿ ಶಾಫ್ಟನ್ನು ಕುಲುಕುತ್ತದೆ. ಹಾಗಾಗಿ ಕ್ರಿಟಿಕಲ್ ಸ್ಪೀಡಿನ ಅರ್ಧದಲ್ಲೂ ಒಂದು ನಡುಕ ಬರುತ್ತದೆ. 7,400ರ ಶಾಫ್ಟಿಗೆ ಅದು 3,700, ನಮ್ಮ ಕಾರಿನಲ್ಲಿ ಸುಮಾರು 125 ಕಿ.ಮೀ. ವೇಗ. ಒಂದೇ ತುಂಡಿಗೆ ಬದಲಾಯಿಸಿದ ಮೇಲೆ ಹೈವೇ ವೇಗದಲ್ಲಿ ಬಂದು ಹೋಗುವ ಗುಂಯ್‌ ಸದ್ದಿಗೆ ಎಷ್ಟೋ ಸಲ ಇದೇ ಕಾರಣ. ಕೋನ ಸರಿ ಮಾಡಿದರೆ ಅದು ಕಡಿಮೆಯಾಗುತ್ತದೆ.

ಹಂತ 3: ಟಾರ್ಕ್

ಎಂಜಿನ್ ಟಾರ್ಕನ್ನು ಮೊದಲ ಗೇರಿನ ಅನುಪಾತದಿಂದ ಗುಣಿಸಿ. 529 × 3.66 = ಸುಮಾರು 1,940 ನ್ಯೂಟನ್ ಮೀಟರ್. ಆಟೊಮ್ಯಾಟಿಕ್ ಕಾರಾದರೆ ಟಾರ್ಕ್ ಕನ್ವರ್ಟರ್ ಎಷ್ಟು ಹೆಚ್ಚಿಸುತ್ತದೋ ಅದರಿಂದಲೂ ಗುಣಿಸಬೇಕು.

ಟೈರ್ ಜಾರಿದ ಮೇಲೆ ಶಾಫ್ಟಿಗೆ ಹೆಚ್ಚು ಟಾರ್ಕ್ ಹೋಗಲು ಸಾಧ್ಯವಿಲ್ಲ. ಆ ಮಿತಿಯನ್ನೂ ಹಾಕಿ ನೋಡಿ: ಹೊರಡುವಾಗ ಹಿಂದಿನ ಚಕ್ರಗಳ ಮೇಲಿನ ಭಾರ × 9.81 × ಹಿಡಿತದ ಅಂಕಿ × ಟೈರಿನ ತ್ರಿಜ್ಯ ÷ ಆಕ್ಸಲ್ ಅನುಪಾತ. 900 ಕೆ.ಜಿ. ಭಾರ, ರಸ್ತೆ ಟೈರಿಗೆ ಹಿಡಿತ 1.1, ತ್ರಿಜ್ಯ 0.334 ಮೀಟರ್ ಹಾಕಿದರೆ 870 ನ್ಯೂಟನ್ ಮೀಟರ್ ಬರುತ್ತದೆ. ಎರಡರಲ್ಲಿ ಚಿಕ್ಕದನ್ನು ಹಿಡಿಯಿರಿ. ಡ್ರ್ಯಾಗ್ ಸ್ಲಿಕ್ (ಗೀರುಗಳಿಲ್ಲದ, ಹೆಚ್ಚು ಹಿಡಿತದ ರೇಸ್ ಟೈರ್) ಹಾಕಿದ ಕಾರಿನಲ್ಲಿ ಟೈರ್ ಜಾರುವ ಮಿತಿ ಗೇರಿನ ಅಂಕಿಯ ಹತ್ತಿರಕ್ಕೆ ಏರುವುದರಿಂದ ನೇರವಾಗಿ 1,940 ಇಟ್ಟುಕೊಳ್ಳಿ. ಎತ್ತಿದ ಆರ್‌ಪಿಎಂನಲ್ಲಿ ಕ್ಲಚ್ ತಟ್ಟನೆ ಬಿಡುವ ಅಭ್ಯಾಸವಿದ್ದರೆ ಬಂದ ಅಂಕಿಯನ್ನು ಎರಡರಿಂದ ಗುಣಿಸಿ. ಶಾಫ್ಟುಗಳನ್ನು ಮುರಿಯುವುದು ಸ್ಥಿರ ಟಾರ್ಕಿಗಿಂತ ಆ ಹೊಡೆತ.

ಕೊಳವೆಯ ಮಟ್ಟಿಗೆ ಹೇಳುವುದಾದರೆ ಟಾರ್ಕ್ ಅಪರೂಪಕ್ಕೆ ಮಾತ್ರ ಸಮಸ್ಯೆ. 76 × 2.1 ಮಿ.ಮೀ. ಅಳತೆಯ ಒಳ್ಳೆಯ ಡಿಒಎಂ (ಒಳಗೆ ಮ್ಯಾಂಡ್ರೆಲ್ ಎಂಬ ಸರಳಿಟ್ಟು ಎಳೆದು ಮಾಡಿದ) ಉಕ್ಕಿನ ಕೊಳವೆ ಸುಮಾರು 4,900 ನ್ಯೂಟನ್ ಮೀಟರಿನವರೆಗೆ ಶಾಶ್ವತವಾಗಿ ತಿರುಚಿಕೊಳ್ಳುವುದಿಲ್ಲ. 89 × 3.2ರ 6061-ಟಿ6 (ಬಿಸಿಯಿಂದ ಹದ ಮಾಡಿ ಬಲಪಡಿಸಿದ) ಅಲ್ಯೂಮಿನಿಯಂ ಕಾಗದದ ಮೇಲೆ 5,600 ತಾಳುತ್ತದೆ. ಆದರೆ ವೆಲ್ಡಿಂಗ್ ಆದ ಜಾಗದ ಪಕ್ಕದಲ್ಲಿ ಬಿಸಿಯಿಂದ ಟಿ6 ಹದ ಕಳೆದು, ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಅಲ್ಯೂಮಿನಿಯಂ ಶಾಫ್ಟಿಗೆ 3,000ದ ಆಸುಪಾಸನ್ನೇ ಮಿತಿ ಎಂದುಕೊಳ್ಳಿ. ಅಲ್ಯೂಮಿನಿಯಂ ಶಾಫ್ಟ್ ಮುರಿದರೆ ಬಿರುಕು ವೆಲ್ಡಿನ ಅಂಚಿನಲ್ಲಿ ಸುತ್ತಲೂ ಓಡಿರುವುದು ಇದೇ ಕಾರಣಕ್ಕೆ. ಸ್ಲಿಕ್, ಕ್ಲಚ್ ಹೊಡೆತ ಎರಡೂ ಇರುವ ಕಾರಿಗೆ ಲೆಕ್ಕ 3,900 ಹತ್ತಿರ ಹೋಗುತ್ತದೆ. ಅಲ್ಲಿ ಕ್ರೋಮೋಲಿಗೆ ಕೊಟ್ಟ ದುಡ್ಡು ಸಾರ್ಥಕ. ವೇಗದಲ್ಲಿ ಸಹಾಯಕ್ಕೆ ಬಾರದ ಅದರ ಬಲ ಹೊಡೆತ ತಾಳುವಾಗ ಬರುತ್ತದೆ.

ಕೊಳವೆಗಿಂತ ಮೊದಲು ಸೋಲುವುದು ಕ್ರಾಸ್. ಸ್ಪೈಸರ್ ಅಳತೆಗಳಲ್ಲಿ 1310, 1330, 1350 ಎಂಬ ಮೂರು ಸಾಮಾನ್ಯ. 1310ಕ್ಕೂ 1330ಕ್ಕೂ ಕಪ್ಪಿನ (ಕ್ರಾಸಿನ ತುದಿಗೆ ಕೂರುವ ಬೇರಿಂಗಿನ) ವ್ಯಾಸ ಒಂದೇ, 27 ಮಿ.ಮೀ. 1330 ಅಗಲ ಮಾತ್ರ ಹೆಚ್ಚು, 92 ಮಿ.ಮೀ. 1350ರಲ್ಲಿ ಅಗಲ ಅದೇ 92, ಕಪ್ 30.2 ಮಿ.ಮೀ. ದಪ್ಪಗಾಗುವುದು 1350ರಲ್ಲೇ ಆದ್ದರಿಂದ ಜೋರು ಕಾರಿಗೆ ಹೊಸ ಶಾಫ್ಟ್ ಮಾಡಿಸುವಾಗ ನೇರವಾಗಿ 1350 ಕೇಳಿ. ಗ್ರೀಸ್ ನಿಪ್ಪಲ್ ಇಲ್ಲದ ಸೀಲ್ ಮಾಡಿದ ಕ್ರಾಸ್ ಹಾಕಿಸಿ. ಗ್ರೀಸ್ ಹೋಗಲು ಕ್ರಾಸಿನೊಳಗೆ ಕೊರೆದ ತೂತೇ ಹೊಡೆತ ಬಿದ್ದಾಗ ಬಿರುಕು ಹುಟ್ಟುವ ಜಾಗ.

ತೂಕದ ಮಾತು

‘ಹಗುರ ಶಾಫ್ಟ್ ಹಾಕಿದರೆ ಇಷ್ಟು ಹಾರ್ಸ್‌ಪವರ್ ಬಿಡುಗಡೆಯಾಗುತ್ತದೆ’ ಎಂಬ ಜಾಹೀರಾತು ಕಂಡರೆ ಈ ಲೆಕ್ಕ ನೆನಪಿಡಿ. ತಿರುಗುವ ವಸ್ತುವಿನ ಜಡತ್ವದಲ್ಲಿ ತ್ರಿಜ್ಯದ ವರ್ಗ ಕೂತಿದೆ, ಶಾಫ್ಟಿನ ತ್ರಿಜ್ಯ ಬಹಳ ಚಿಕ್ಕದು. 1.4 ಮೀಟರಿನ 76ರ ಉಕ್ಕಿನ ಕೊಳವೆ ಸುಮಾರು 5.4 ಕೆ.ಜಿ., 89ರ ಅಲ್ಯೂಮಿನಿಯಂ 3.2, 102ರ ಅಲ್ಯೂಮಿನಿಯಂ 3.7. ಇವನ್ನು ತಿರುಗಿಸಲು ಬೇಕಾದ ಶ್ರಮವನ್ನು ಕಾರಿನ ತೂಕವಾಗಿ ಬದಲಿಸಿದರೆ ಕ್ರಮವಾಗಿ 0.9, 0.75, 1.1 ಕೆ.ಜಿ. ಬರುತ್ತದೆ. ಇಡೀ ವ್ಯತ್ಯಾಸ ಅರ್ಧ ಲೀಟರ್ ನೀರಿನ ಬಾಟಲಿಗಿಂತ ಕಡಿಮೆ. 102ರ ಅಲ್ಯೂಮಿನಿಯಂ ಕೊಳವೆ ಹಗುರವಾಗಿದ್ದೂ ದಪ್ಪಗಿರುವುದರಿಂದ ತಿರುಗಿಸಲು ಉಕ್ಕಿಗಿಂತ ಹೆಚ್ಚು ಶ್ರಮ ಕೇಳುತ್ತದೆ.

ಲಾಭ ಇಲ್ಲವೆಂದಲ್ಲ. ಎರಡು ತುಂಡಿನ ಉಕ್ಕು, ಸೆಂಟರ್ ಬೇರಿಂಗ್, ಅದರ ಬ್ರ್ಯಾಕೆಟ್ ಎಲ್ಲ ತೆಗೆದು ಒಂದು ತುಂಡು ಹಾಕಿದಾಗ ಮಸ್ಟಾಂಗಿನಂಥ ಕಾರಿನಲ್ಲಿ ಸುಮಾರು 8 ಕೆ.ಜಿ. ಉಳಿಯುತ್ತದೆ. ಥ್ರಾಟಲ್ ಒತ್ತಿದಾಗ, ಬಿಟ್ಟಾಗ ಡ್ರೈವ್‌ಲೈನಿನ ಟಕ್ ಸದ್ದು ಕಡಿಮೆಯಾಗುತ್ತದೆ, ಕಾರು ಚುರುಕಾಗಿ ಸ್ಪಂದಿಸಿದಂತೆ ಅನಿಸುತ್ತದೆ. ಆ ಕಾರಣಕ್ಕೆ ಕೊಳ್ಳಿ. ಡೈನೊ (ತಾಕತ್ತು ಅಳೆಯುವ ಯಂತ್ರ) ಮೇಲೆ ಅಂಕಿ ಏರುತ್ತದೆಂದು ಕೊಳ್ಳಬೇಡಿ.

ಹಂತ 4: ಈಗ ಮೆಟೀರಿಯಲ್

ಉಕ್ಕು. ಶಾಫ್ಟ್ ಚಿಕ್ಕದಿದ್ದರೆ, ಕಾರು ದಿನನಿತ್ಯ ಕೆಟ್ಟ ರಸ್ತೆಯಲ್ಲಿ ಓಡುವುದಾದರೆ, ರ‍್ಯಾಲಿ ಮಾಡುವುದಾದರೆ ಉಕ್ಕಿಗಿಂತ ಒಳ್ಳೆಯದಿಲ್ಲ. ಕಲ್ಲು ಬಡಿದರೆ ಚಿಕ್ಕ ತಗ್ಗು ಬೀಳಬಹುದು, ಸೀಳುವುದಿಲ್ಲ. ಊರಿನ ಯಾವ ಒಳ್ಳೆಯ ಲೇತ್ ಅಂಗಡಿಯಲ್ಲೂ ಕೊಳವೆ ಬದಲಾಯಿಸಬಹುದು. ಹೊಲಿಗೆ ಇರುವ ಸಾಮಾನ್ಯ ಪೈಪ್ ಬೇಡ. ಮ್ಯಾಂಡ್ರೆಲ್ ಮೇಲೆ ಎಳೆದ ಡಿಒಎಂ ಕೊಳವೆಯೇ ಬೇಕು. ಅದರ ಗೋಡೆ ಸುತ್ತಲೂ ಒಂದೇ ದಪ್ಪವಿರುವುದರಿಂದ ಬ್ಯಾಲೆನ್ಸ್ ಸುಲಭ. ನೀರಿನ ಪೈಪ್, ರೋಲ್ ಕೇಜ್‌ಗೆ ತಂದ ಪೈಪಿನ ತುಂಡು ಹಾಕಿ ಶಾಫ್ಟ್ ಮಾಡಿಸುವ ಯೋಚನೆಯನ್ನು ದಯವಿಟ್ಟು ಬಿಡಿ.

ಅಲ್ಯೂಮಿನಿಯಂ. 1.2ರಿಂದ 1.5 ಮೀಟರ್ ಉದ್ದದ ಒಂದು ತುಂಡು, ರಸ್ತೆಯಲ್ಲೂ ಓಡಿ ವಾರಾಂತ್ಯಕ್ಕೆ ಟ್ರ್ಯಾಕಿಗೂ ಹೋಗುವ ಕಾರು, ಇದಕ್ಕೆ ಇದೇ ಸರಿ. ಎಚ್ಚರ ಬೇಕಾದ ಜಾಗಗಳು ಹಲವು. ಗೋಡೆಯಲ್ಲಿ ಬೆರಳಿಗೆ ಸಿಗುವಷ್ಟು ತಗ್ಗು ಬಿದ್ದಿದ್ದರೆ ಬದಲಾಯಿಸಿ. ತಗ್ಗು ಬಿದ್ದ ಕೊಳವೆ ಬಾಗಲು ಅಲ್ಲಿಂದಲೇ ಶುರು. ಉಕ್ಕಿನ ಕಪ್ ಅಲ್ಯೂಮಿನಿಯಂ ಯೋಕ್‌ನ ಕಿವಿಯಲ್ಲಿ ಕೂತು, ಮಳೆಗಾಲದ ತೇವಕ್ಕೆ ಎರಡೂ ಲೋಹ ಸೇರಿ ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ಆಮೇಲೆ ಸುತ್ತಿಗೆಯಲ್ಲಿ ಬಡಿದು ತೆಗೆದರೆ ಕಿವಿಯ ತೂತು ಅಂಡಾಕಾರವಾಗುತ್ತದೆ. ಲೇಪ ಇರುವ ಕಪ್ಪಿನ ಕ್ರಾಸ್ ತರಿಸಿ, ಪ್ರೆಸ್ ಬಳಸಿಯೇ ಹಾಕಿ ತೆಗೆಯಿರಿ. ಕರಾವಳಿ, ಮಲೆನಾಡಿನ ಕಡೆ ಓಡುವ ಕಾರಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಉಕ್ಕಿನಂತೆ ‘ಇಷ್ಟರೊಳಗೆ ಎಷ್ಟು ಸಲ ತಿರುಚಿದರೂ ದಣಿಯುವುದಿಲ್ಲ’ ಎಂಬ ಮಿತಿ ಅಲ್ಯೂಮಿನಿಯಮ್ಮಿಗೆ ಇಲ್ಲ. ಆದ್ದರಿಂದ ಡ್ರ್ಯಾಗ್ ಕಾರಿನಲ್ಲಿ ಪ್ರತಿ ಸೀಸನ್ನಿಗೂ ವೆಲ್ಡಿನ ಅಂಚನ್ನು ಬಿರುಕು ತೋರಿಸುವ ಕೆಂಪು ದ್ರವ ಹಚ್ಚಿ ನೋಡಿಸಿ.

ಕಾರ್ಬನ್. ಕೊಳವೆಯ ಉದ್ದಕ್ಕೆ ಓಡುವ ಎಳೆಗಳು ಬಾಗದಂತೆ ಹಿಡಿಯುತ್ತವೆ, 45 ಡಿಗ್ರಿಯಲ್ಲಿ ಸುತ್ತಿದವು ಟಾರ್ಕ್ ಹೊರುತ್ತವೆ. ಎರಡರ ಪ್ರಮಾಣ ಬದಲಾಯಿಸಿ ತಯಾರಕರು ತಮಗೆ ಬೇಕಾದ ಗುಣ ತರುತ್ತಾರೆ. ಹಾಗಾಗಿ ‘ಕಾರ್ಬನ್’ ಎಂಬ ಹೆಸರಷ್ಟೇ ನೋಡಿ ಕೊಳ್ಳುವಂತಿಲ್ಲ. ನಿಮ್ಮ ಉದ್ದಕ್ಕೆ ಕ್ರಿಟಿಕಲ್ ಸ್ಪೀಡ್ ಎಷ್ಟು, ಟಾರ್ಕ್ ಮಿತಿ ಎಷ್ಟು, ಯಾವ ತಾಪದವರೆಗೆ ರಾಳ ಮತ್ತು ಅಂಟು ತಾಳುತ್ತವೆ ಎಂಬ ಮೂರನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಕೊಡದವರಲ್ಲಿ ಕೊಳ್ಳಬೇಡಿ.

ಕಾರ್ಬನ್ ಕೊಳವೆಗೆ ಲೋಹದ ತುದಿಗಳನ್ನು ಅಂಟಿನಿಂದ ಕೂರಿಸಿರುತ್ತಾರೆ. ಸೋಲುವುದು ಬಹುಮಟ್ಟಿಗೆ ಆ ಅಂಟೇ, ಸೋಲಿಸುವುದು ಬಿಸಿ. ಸೈಲೆನ್ಸರ್ ಪೈಪ್ ಶಾಫ್ಟಿನ ಪಕ್ಕದಲ್ಲೇ ಹೋಗುತ್ತಿದ್ದರೆ ಕನಿಷ್ಠ 25 ಮಿ.ಮೀ. ಅಂತರವೂ ನಡುವೆ ಹೀಟ್ ಶೀಲ್ಡೂ ಬೇಕು. ಟರ್ಬೊ ಕಾರಿನ ದಪ್ಪ ಡೌನ್‌ಪೈಪ್ ಇದ್ದರೆ ಇನ್ನಷ್ಟು ಎಚ್ಚರ. ಬಿಎಂಡಬ್ಲ್ಯು 2014ರ ಎಂ3, ಎಂ4 ಕಾರುಗಳಿಗೆ ಕಾರ್ಬನ್ ಶಾಫ್ಟ್ ಕೊಟ್ಟು, 2017ರ ಕೊನೆಯಲ್ಲಿ ಉಕ್ಕಿಗೆ ಹಿಂತಿರುಗಿತು. ಪೆಟ್ರೋಲ್ ಎಂಜಿನ್ನಿನ ಹೊಗೆಯ ಕಣ ಹಿಡಿಯುವ ಫಿಲ್ಟರಿಗೆ ಅಡಿಯಲ್ಲಿ ಜಾಗ ಬೇಕಾದದ್ದು ಅದಕ್ಕೆ ಕಾರಣ. ಬಿಎಂಡಬ್ಲ್ಯು ಕೂಡ ಕೊನೆಗೆ ಜಾಗ ನೋಡಿಯೇ ಶಾಫ್ಟ್ ಆರಿಸಿತು.

ಕಾರ್ಬನ್ನಿನ ದೊಡ್ಡ ಗುಣವೊಂದಿದೆ. ಒಡೆದರೆ ಅದು ಪೊರಕೆಯಂತೆ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಉಕ್ಕಿನ ಕೊಳವೆಯ ಹಾಗೆ ನೆಲಕ್ಕೆ ಊರಿ ಕಾರನ್ನು ಎತ್ತಿಹಾಕುವುದಿಲ್ಲ. ಕೆಟ್ಟ ಗುಣವೂ ಇದೆ. ಕತ್ತರಿಸಿ ಚಿಕ್ಕದು ಮಾಡಲಾಗದು, ವೆಲ್ಡ್ ಮಾಡಲಾಗದು, ಗೇರ್‌ಬಾಕ್ಸ್ ಬದಲಾದರೆ ಶಾಫ್ಟೂ ಹೊಸದೇ. ಟೋಯಿಂಗ್ ಲಾರಿಯವರು ಸರಪಣಿಯನ್ನು ಶಾಫ್ಟಿನ ಮೇಲೆ ಹಾಯಿಸಿ ಎಳೆದರೆ ಅಲ್ಲಿಗೆ ಅದರ ಆಯುಷ್ಯ ಮುಗಿಯಿತು.

ಹಂತ 5: ಅಳತೆ, ಕೋನ, ಬ್ಯಾಲೆನ್ಸ್

ಒಳ್ಳೆಯ ಮೆಟೀರಿಯಲ್ ತಂದು ಇಲ್ಲಿ ಕೆಡಿಸಿಕೊಂಡವರೇ ಹೆಚ್ಚು.

ಕಾರಿನ ಭಾರ ನಾಲ್ಕೂ ಚಕ್ರದ ಮೇಲೆ ಇರುವಾಗಲೇ ಅಳೆಯಿರಿ. ಜಾಕಿ ಮೇಲೆ ನೇತಾಡುವ ಆಕ್ಸಲಿನಲ್ಲಿ ತೆಗೆದ ಅಳತೆ ಸುಳ್ಳು. ಗೇರ್‌ಬಾಕ್ಸಿನೊಳಗೆ ಜಾರಿ ಕೂರುವ ಸ್ಲಿಪ್ ಯೋಕ್ ಇರುವ ಕಾರಾದರೆ ಯೋಕನ್ನು ಪೂರ್ತಿ ಒಳಗೆ ತಳ್ಳಿ, ಅಲ್ಲಿಂದ 20ರಿಂದ 25 ಮಿ.ಮೀ. ಹೊರಗೆ ಎಳೆದ ಸ್ಥಾನದಲ್ಲಿ ಉದ್ದ ತೆಗೆದುಕೊಳ್ಳಿ. ಕಡಿಮೆ ಬಿಟ್ಟರೆ ದೊಡ್ಡ ಗುಂಡಿಗೆ ಇಳಿದಾಗ ಯೋಕ್ ಗೇರ್‌ಬಾಕ್ಸಿನ ತಳಕ್ಕೆ ಗುದ್ದುತ್ತದೆ, ಹೆಚ್ಚು ಬಿಟ್ಟರೆ ಸ್ಪ್ಲೈನ್ ಹಿಡಿತ ಸಾಲದು. ದಪ್ಪ ಕೊಳವೆ ಹಾಕುವವರು ಸಸ್ಪೆನ್ಷನ್ ಪೂರ್ತಿ ಕುಸಿದಾಗಲೂ ಪೂರ್ತಿ ಇಳಿಬಿದ್ದಾಗಲೂ ಟನಲ್, ಹ್ಯಾಂಡ್‌ಬ್ರೇಕ್ ಕೇಬಲ್‌ಗಳಿಂದ 12 ಮಿ.ಮೀ. ದೂರ ಉಳಿಯುತ್ತದೆಯೇ ನೋಡಬೇಕು.

ಕೋನ ಅಳೆಯುವ ಗೇಜನ್ನು ಗೇರ್‌ಬಾಕ್ಸ್ ಫ್ಲ್ಯಾಂಜ್, ಶಾಫ್ಟ್, ಪಿನಿಯನ್ ಫ್ಲ್ಯಾಂಜ್ ಮೂರರ ಮೇಲೂ ಇಟ್ಟು ಬರೆದುಕೊಳ್ಳಿ. ಪ್ರತಿ ಕ್ರಾಸಿನ ಕೋನ ಅರ್ಧ ಡಿಗ್ರಿಗಿಂತ ಹೆಚ್ಚು, 3 ಡಿಗ್ರಿಗಿಂತ ಕಡಿಮೆ ಇರಲಿ. ಎರಡೂ ಕೋನಗಳ ವ್ಯತ್ಯಾಸ 1 ಡಿಗ್ರಿ ದಾಟಬಾರದು. ಸೊನ್ನೆ ಡಿಗ್ರಿ ಒಳ್ಳೆಯದಲ್ಲವೇ ಎಂದರೆ, ಅಲ್ಲ. ಕಪ್ಪಿನೊಳಗಿನ ಸೂಜಿ ರೋಲರುಗಳು ಅಲುಗದೆ ಒಂದೇ ಜಾಗದಲ್ಲಿ ಗೀರು ಮಾಡಿಕೊಳ್ಳುತ್ತವೆ. ಇಡಿ ಆಕ್ಸಲಿನ ಕಾರಿನಲ್ಲಿ ಥ್ರಾಟಲ್ ಒತ್ತಿದಾಗ ಪಿನಿಯನ್ ಮೂತಿ ಮೇಲೇಳುವುದರಿಂದ ನಿಂತಾಗ ಅದನ್ನು 1ರಿಂದ 2 ಡಿಗ್ರಿ ಕೆಳಗೆ ಇಟ್ಟಿರಬೇಕು. ಡಿಫರೆನ್ಷಿಯಲ್ ಬಾಡಿಗೆ ಬಿಗಿದಿರುವ ಕಾರಿನಲ್ಲಿ ಅದರ ಅಗತ್ಯವಿಲ್ಲ. ಎರಡು ತುಂಡಿನಿಂದ ಒಂದು ತುಂಡಿಗೆ ಬದಲಾದಾಗ ಕೋನಗಳು ಬದಲಾಗಿಯೇ ಇರುತ್ತವೆ. ಮತ್ತೆ ಅಳೆಯದೆ ಬಿಡಬೇಡಿ.

ವೆಲ್ಡ್ ಮಾಡುವಾಗ ಎರಡೂ ತುದಿಯ ಯೋಕ್‌ಗಳು ಒಂದೇ ಸಾಲಿನಲ್ಲಿರಬೇಕು. ಒಂದು ತಿರುಗಿ ಕೂತರೆ ಎಷ್ಟು ಬ್ಯಾಲೆನ್ಸ್ ಮಾಡಿದರೂ ನಡುಕ ಹೋಗುವುದಿಲ್ಲ. ವೆಲ್ಡ್ ಆದ ಮೇಲೆ ಡಯಲ್ ಗೇಜ್ ಹಿಡಿದು ತಿರುಗಿಸಿ. ಕೊಳವೆಯ ನಡುವೆ ಓಟ (ತಿರುಗುವಾಗ ಅತ್ತಿತ್ತ ಸರಿಯುವುದು) 0.4 ಮಿ.ಮೀ. ಒಳಗೆ ಇರಲಿ.

ಬ್ಯಾಲೆನ್ಸ್ ಮಾಡುವವರಿಗೆ ಜಿ16 (ಎಷ್ಟು ಅಸಮತೋಲ ಉಳಿಯಬಹುದೆಂದು ಹೇಳುವ) ದರ್ಜೆ ಬೇಕೆಂದೂ, ನಿಮ್ಮ ಗರಿಷ್ಠ ಆರ್‌ಪಿಎಂ ಎಷ್ಟೆಂದೂ ಹೇಳಿ. 8 ಕೆ.ಜಿ.ಯ ಶಾಫ್ಟಿಗೆ 6,000 ಆರ್‌ಪಿಎಂನಲ್ಲಿ ಜಿ16 ಎಂದರೆ ಎರಡೂ ತುದಿ ಸೇರಿ ಸುಮಾರು 200 ಗ್ರಾಂ-ಮಿಲಿಮೀಟರ್. ಕೊಳವೆಯ ಮೇಲ್ಮೈಯಲ್ಲಿ ಪ್ರತಿ ತುದಿಗೆ ಎರಡೂವರೆ ಗ್ರಾಂ ಅಷ್ಟೇ. ಲಾರಿ ಶಾಫ್ಟಿಗೆ ಸಾಕಾಗುವ ಬ್ಯಾಲೆನ್ಸ್ ಇಲ್ಲಿ ಸಾಕಾಗುವುದಿಲ್ಲ. ಬೆಂಗಳೂರಿನ ಪೀಣ್ಯದಂಥ ಕಡೆ ಮಾಡಿಸುವವರು ಮಷೀನು ಯಾವ ವೇಗದಲ್ಲಿ ತಿರುಗುತ್ತದೆ, ಉಳಿದ ಅಸಮತೋಲ ಎಷ್ಟು ಎಂಬ ಚೀಟಿಯನ್ನು ಕೇಳಿ ಪಡೆಯಿರಿ.

ಫ್ಲ್ಯಾಂಜ್ ಬೋಲ್ಟುಗಳನ್ನು ಪ್ರತಿ ಸಲ ಹೊಸದು ಹಾಕಿ, ಥ್ರೆಡ್‌ಲಾಕ್ ಹಚ್ಚಿ, ಕಾರಿನ ಕೈಪಿಡಿಯ ಟಾರ್ಕಿಗೆ ಬಿಗಿಯಿರಿ. ಯು-ಬೋಲ್ಟಿನಿಂದ ಹಿಡಿಯುವ ಪಿನಿಯನ್ ಯೋಕ್ ಆದರೆ 8 ಮಿ.ಮೀ.ನಷ್ಟು ದಪ್ಪದ ಬೋಲ್ಟಿಗೆ 19ರಿಂದ 23 ನ್ಯೂಟನ್ ಮೀಟರ್ ಸಾಕು. ಬಲ ಹಾಕಿ ಬಿಗಿದರೆ ಕಪ್ ಅಮುಕಿ ಸೂಜಿ ರೋಲರು ಸಿಕ್ಕಿಕೊಳ್ಳುತ್ತದೆ, ಕ್ರಾಸ್ ಕೆಲವೇ ದಿನದಲ್ಲಿ ಕೆಂಪು ಪುಡಿ ಉದುರಿಸುತ್ತದೆ.

ಶಾಫ್ಟಿನ ಸುತ್ತ ಸುರಕ್ಷತೆಯ ಬಳೆ ಹಾಕಿಸದೆ ಟ್ರ್ಯಾಕಿಗೆ ಹೋಗಬೇಡಿ. ಮುಂದಿನ ಕ್ರಾಸ್ ಮುರಿದಾಗ ಶಾಫ್ಟ್ ರಸ್ತೆಗೆ ಊರದಂತೆ ತಡೆಯುವುದು ಇದೇ. ಅಮೆರಿಕದ ಎನ್‌ಎಚ್‌ಆರ್‌ಎ ಡ್ರ್ಯಾಗ್ ನಿಯಮದ ಅಳತೆ ಒಳ್ಳೆಯ ಮಾದರಿ: 6.4 ಮಿ.ಮೀ. ದಪ್ಪ, 51 ಮಿ.ಮೀ. ಅಗಲದ ಪಟ್ಟಿ, ಅಥವಾ 22 ಮಿ.ಮೀ. ವ್ಯಾಸ, 1.65 ಮಿ.ಮೀ. ಗೋಡೆಯ ವೆಲ್ಡ್ ಮಾಡಿದ ಉಕ್ಕಿನ ಕೊಳವೆ, ಮುಂದಿನ ಕ್ರಾಸಿನಿಂದ 150 ಮಿ.ಮೀ. ಒಳಗೆ. ಕಾರಿನ ತೆಳು ತಗಡಿಗಲ್ಲ, ಗಟ್ಟಿ ಅಡ್ಡಪಟ್ಟಿಗೆ ಬಿಗಿಯಬೇಕು.

ಮುಂದಿನ ಚಕ್ರ ಓಡಿಸುವ ಕಾರಾದರೆ

ಪೊಲೊ, ಆಕ್ಟೇವಿಯಾದಂಥ ಕಾರುಗಳಲ್ಲಿ ಉದ್ದ ಕೊಳವೆ ಇಲ್ಲ. ಚಕ್ರಕ್ಕೆ ಹೋಗುವ ಚಿಕ್ಕ ಆಕ್ಸಲ್ ಶಾಫ್ಟುಗಳು ನಿಧಾನವಾಗಿ ತಿರುಗುವುದರಿಂದ ಕ್ರಿಟಿಕಲ್ ಸ್ಪೀಡಿನ ಚಿಂತೆಯೇ ಇಲ್ಲ, ಎಲ್ಲ ಟಾರ್ಕಿನದೇ. ಗಟ್ಟಿ ಸರಳಿನ ಬಲ ವ್ಯಾಸದ ಘನಕ್ಕೆ ಏರುತ್ತದೆ. 26 ಮಿ.ಮೀ.ನಿಂದ 28ಕ್ಕೆ ಹೋದರೆ ಕಾಲು ಭಾಗ ಬಲ ಹೆಚ್ಚಿತು. ಲೋಹ ಬದಲಾಯಿಸುವ ಮುನ್ನ ದಪ್ಪದ ಶಾಫ್ಟ್ ಇರುವ ದೊಡ್ಡ ಮಾಡೆಲಿನ ಭಾಗ ಕೂರುತ್ತದೆಯೇ ನೋಡಿ.

ಕಂಪನಿಯ ಶಾಫ್ಟುಗಳು ಸಾಧಾರಣ ಕಾರ್ಬನ್ ಉಕ್ಕಿನಿಂದ ಮಾಡಿ ಮೇಲ್ಪದರವನ್ನು ಇಂಡಕ್ಷನ್ ಹಾರ್ಡನಿಂಗ್ ಮಾಡಿದವು. ಕತ್ತರಿಸಿ, ಕೂಡಿಸಿ ವೆಲ್ಡ್ ಮಾಡಿದರೆ ಆ ಗಟ್ಟಿ ಪದರವೇ ಹೋಯಿತು. ಹೊಸದಾಗಿ ಮಾಡಿಸುವವರಿಗೆ ನಮ್ಮಲ್ಲಿ ಸುಲಭವಾಗಿ ಸಿಗುವುದು ಇಎನ್24 ಎಂಬ ಮಿಶ್ರಲೋಹದ ಉಕ್ಕು, ಅಂದರೆ 4340ರ ಜಾತಿ. ಸ್ಪ್ಲೈನ್ ಕೊರೆದ ಮೇಲೆ ಹದ ಮಾಡಿಸಬೇಕು. ಅಂಗಡಿಯಿಂದ ತಂದ ‘ಟಿ’ ಹದದ ಸರಳನ್ನು ಹಾಗೇ ಹಾಕಿದರೆ ಬಲ 850ರಿಂದ 1,000 ಮೆಗಾಪಾಸ್ಕಲ್ ಮಾತ್ರ. ಅದಕ್ಕೂ ಮೇಲಿನದು 300ಎಂ ಎಂಬ ಉಕ್ಕು. ಸರಿಯಾಗಿ ಹದ ಮಾಡಿದರೆ 1,900 ದಾಟುತ್ತದೆ. ಆದರೆ ಗೀರು, ತುಕ್ಕಿನ ಚುಕ್ಕೆಗಳನ್ನು ಅದು ಕ್ಷಮಿಸುವುದಿಲ್ಲ, ಬಿರುಕು ಅಲ್ಲಿಂದಲೇ ಓಡುತ್ತದೆ. ಕೀಲನ್ನು ಮುಚ್ಚುವ ರಬ್ಬರ್ ಬೂಟ್ ಹರಿದ ದಿನವೇ ಅದನ್ನು ಬದಲಾಯಿಸಿ, ಶಾಫ್ಟಿಗೆ ಎಣ್ಣೆಯ ಪೊರೆ ಇರಲಿ.

ಹಾಕಿದ ಮೇಲೆ

ಮೊದಲ 200 ಕಿ.ಮೀ. ಆದ ಮೇಲೆ ಬೋಲ್ಟ್ ಮತ್ತೊಮ್ಮೆ ನೋಡಿ. ನಡುಕ ಬಂದರೆ ಅದೇ ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಿ. ಹೋದರೆ ಎಂಜಿನ್, ಮೌಂಟ್ ಅಥವಾ ಲೋಡ್ ಬಿದ್ದಾಗ ಬದಲಾಗುವ ಪಿನಿಯನ್ ಕೋನದ ಕಡೆ ನೋಡಿ. ಉಳಿದರೆ ಚಕ್ರ ಅಥವಾ ಶಾಫ್ಟ್. ಫೋನಿನ ನಡುಕ ಅಳೆಯುವ ಆ್ಯಪ್ ಸೆಕೆಂಡಿಗೆ ಎಷ್ಟು ಬಾರಿ ಎಂದು ತೋರಿಸುತ್ತದೆ. ಅದನ್ನು 60ರಿಂದ ಗುಣಿಸಿದಾಗ ಶಾಫ್ಟಿನ ಆರ್‌ಪಿಎಂ ಬಂದರೆ ಬ್ಯಾಲೆನ್ಸ್ ಅಥವಾ ಓಟದ ದೋಷ, ಅದರ ಎರಡು ಪಟ್ಟು ಬಂದರೆ ಕೋನ ಅಥವಾ ಸವೆದ ಕ್ರಾಸ್. ಶಾಫ್ಟಿಗಿಂತ ಮೂರು ನಾಲ್ಕು ಪಟ್ಟು ನಿಧಾನದ ನಡುಕವಾದರೆ ಚಕ್ರದ ಬ್ಯಾಲೆನ್ಸ್ ನೋಡಿಸಿ, ಶಾಫ್ಟನ್ನು ಮುಟ್ಟಬೇಡಿ.

ಕಾರ್ಬನ್ ಶಾಫ್ಟನ್ನು ಎಣ್ಣೆ ಬದಲಾಯಿಸುವಾಗಲೆಲ್ಲ ಒಂದು ನಾಣ್ಯ ಹಿಡಿದು ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಬನ್ನಿ. ಟಣ್ ಎನ್ನುತ್ತಿದ್ದದ್ದು ಒಂದು ಕಡೆ ಮಂದವಾಗಿ ಡಬ್ ಎಂದರೆ ಒಳಗೆ ಪದರ ಬಿಟ್ಟಿದೆ. ಹೊರಗೆ ಏನೂ ಕಾಣದಿದ್ದರೂ ಅಂಥ ಶಾಫ್ಟಿನಲ್ಲಿ ಮತ್ತೆ ವೇಗ ಹಿಡಿಯಬೇಡಿ. ತಯಾರಕರಿಗೆ ಕಳಿಸಿ ನೋಡಿಸುವವರೆಗೆ ಹಳೆಯ ಶಾಫ್ಟ್ ಹಾಕಿಕೊಂಡು ಓಡಿಸಿ. ಕಂಪನಿಯ ಶಾಫ್ಟನ್ನು ಗುಜರಿಗೆ ಹಾಕದೆ, ಕ್ರಾಸ್‌ಗಳಿಗೆ ಗ್ರೀಸ್ ಮೆತ್ತಿ, ಕಾಗದ ಸುತ್ತಿ, ಎರಡೂ ತುದಿಗೆ ಆಧಾರ ಕೊಟ್ಟು ಮಲಗಿಸಿಟ್ಟುಕೊಂಡಿರುವುದು ಈ ದಿನಕ್ಕೇ.